ಅಂಗಡಿ ಮಳಿಗೆಯಲ್ಲಿ ರಾಕೆಟ್

1930ರಲ್ಲಿ ಬರ್ಲಿನ್ ನಗರದ ವರ್ಟ್‌ಹೈಮ್ ಎಂಬ ಭಾರಿ ಅಂಗಡಿಗೆ ಬಟ್ಟೆಬರೆ ಕೊಳ್ಳಲು ಬಂದವರಿಗೆ ಅಲ್ಲಿ ಒಂದು ವಿಚಿತ್ರ ಪ್ರದರ್ಶನ ಕಾಣಿಸಿತು. ಮನುಷ್ಯ ಚಂದ್ರನಿಗೆ ಹೋಗುವುದು ಹೇಗೆ ಎಂದು ಅಲ್ಲಿ 18 ವರ್ಷದ ತರುಣನೊಬ್ಬ ಗೃಹಿಣಿಯರಿಗೆ ವಿವರಿಸುತ್ತಿದ್ದ. ಆತನ ಹೆಸರು ವೆರ್ನರ್ ಫಾನ್ ಬ್ರೌನ್. ಪ್ರದರ್ಶನ ಏರ್ಪಡಿಸಿದ್ದು ಸರ್ಕಾರವಲ್ಲ, ವಿಶ್ವವಿದ್ಯಾನಿಲಯವೂ ಅಲ್ಲ. ಅದು ಹವ್ಯಾಸಿಗಳೇ ಕಟ್ಟಿಕೊಂಡಿದ್ದ ಜರ್ಮನಿಯ 'ಬಾಹ್ಯಾಕಾಶ ಯಾನ ಸಂಘ'. ಸ್ವಾರಸ್ಯದ ಸಂಗತಿಯೆಂದರೆ, ಆ ಹೊತ್ತಿಗೆ ಸಂಘದ ಒಂದೇ ಒಂದು ದ್ರವ ಇಂಧನ ರಾಕೆಟ್ ಕೂಡ ನೆಲ ಬಿಟ್ಟು ಮೇಲೇರಿರಲಿಲ್ಲ!

ಸಂಘ ಹುಟ್ಟಿದ್ದು 1927ರ ಜುಲೈ 5ರಂದು, ಬ್ರೆಸ್ಲೌ ನಗರದ (ಇಂದಿನ ಪೋಲೆಂಡಿನ ವ್ರೊತ್ಸ್ವಾಫ್) ಒಂದು ಪಾನಗೃಹದಲ್ಲಿ. ಯೊಹಾನೆಸ್ ವಿಂಕ್ಲರ್ ಮೊದಲ ಅಧ್ಯಕ್ಷ. ಪ್ರೇರಣೆ ಹರ್ಮನ್ ಓಬರ್ತ್ ಅವರದು. ಡಾಕ್ಟರೇಟಿಗೆಂದು ಬರೆದ ಪ್ರಬಂಧ ತಿರಸ್ಕೃತವಾದಾಗ ಅವರು ಅದನ್ನು 1923ರಲ್ಲಿ ಪುಸ್ತಕವಾಗಿ ಹೊರತಂದರು. ಹೊಟ್ಟೆಪಾಡಿಗೆ ಟ್ರಾನ್ಸಿಲ್ವೇನಿಯದ ಪ್ರೌಢಶಾಲೆಯಲ್ಲಿ ಗಣಿತ, ಭೌತವಿಜ್ಞಾನ ಕಲಿಸುತ್ತಿದ್ದರು. ಸಂಘದ ಬಳಿ ಇದ್ದದ್ದು ಇಂಥ ಪುಸ್ತಕಗಳು, ಒಂದು ಮಾಸಿಕ ಮತ್ತು ಸದಸ್ಯರ ಚಂದಾ. ಪ್ರಯೋಗಗಳಿಗೆ ಅದು ಎಲ್ಲಿ ಸಾಕು? ಹಣ ಬೇಕಾದರೆ ಜನರ ಗಮನ ಸೆಳೆಯಬೇಕಿತ್ತು.

ಗಮನ ಸೆಳೆಯುವ ದಾರಿಗಳೆಲ್ಲ ವೈಜ್ಞಾನಿಕವಾಗಿರಲಿಲ್ಲ. ಸಂಸ್ಥಾಪಕರಲ್ಲಿ ಒಬ್ಬರಾದ ಮ್ಯಾಕ್ಸ್ ವಾಲಿಯರ್, ಕಾರು ತಯಾರಕ ಫ್ರಿಟ್ಜ್ ಫಾನ್ ಓಪೆಲ್ ಜೊತೆ ಸೇರಿ 1928ರಲ್ಲಿ ಮದ್ದಿನ ರಾಕೆಟ್ ಕಟ್ಟಿದ ಕಾರುಗಳನ್ನು ಓಡಿಸುವ ಯೋಜನೆ ಹೂಡಿದರು. ಜನ ಮುಗಿಬಿದ್ದರು. ಬಾಹ್ಯಾಕಾಶ ಯಾನಕ್ಕೆ ಅದರಿಂದ ಸಿಕ್ಕ ಜ್ಞಾನ ಮಾತ್ರ ಅತ್ಯಲ್ಪ. 1929ರಲ್ಲಿ ಫ್ರಿಟ್ಜ್ ಲಾಂಗ್ ಅವರ ಚಂದ್ರಯಾನದ ಚಲನಚಿತ್ರ ಬಂದಾಗ, ಪ್ರಚಾರಕ್ಕಾಗಿ ನಿಜವಾದ ರಾಕೆಟ್ ಹಾರಿಸಲು ಓಬರ್ತ್ ಒಪ್ಪಿಕೊಂಡರು. ಅಕ್ಟೋಬರ್ 15ರ ಮೊದಲ ಪ್ರದರ್ಶನಕ್ಕೆ ಅದು ಸಿದ್ಧವಾಗಲೇ ಇಲ್ಲ. ಸಿನಿಮಾದವರ ದಿನಾಂಕಕ್ಕೆ ದಹನ ಕ್ರಿಯೆ ಹೊಂದಿಕೊಳ್ಳುವುದಿಲ್ಲವಲ್ಲ! ಆ ವರ್ಷದ ಕೊನೆಗೆ ಸಂಘದ ಮಾಸಿಕವೂ ನಿಂತಿತು.

ಸಂಘವನ್ನು ಉಳಿಸಿದ್ದು ಇಂಥ ಯಾವ ಆಡಂಬರವೂ ಅಲ್ಲ, ಒಂದು ಅಳತೆ ಎಂದು ನನಗೆ ತೋರುತ್ತದೆ. 1930ರ ಜುಲೈ 23ರಂದು ಬರ್ಲಿನ್ನಿನ ಸರ್ಕಾರಿ ರಾಸಾಯನಿಕ ತಾಂತ್ರಿಕ ಸಂಸ್ಥೆಯಲ್ಲಿ ಓಬರ್ತ್ ಅವರ ಪುಟ್ಟ ಎಂಜಿನ್ನಿನ ಪರೀಕ್ಷೆ ನಡೆಯಿತು. ಅದು ಸುಮಾರು 6 ಕಿಲೋಗ್ರಾಂ ದ್ರವ ಆಕ್ಸಿಜನ್, 1 ಕಿಲೋಗ್ರಾಂ ಪೆಟ್ರೋಲ್ ಬಳಸಿಕೊಂಡು 90 ಸೆಕೆಂಡು ಉರಿಯಿತು. ಸುಮಾರು 7 ಕಿಲೋಗ್ರಾಂ ತೂಕಕ್ಕೆ ಸಮನಾದ ನೂಕುಬಲ ಕೊಟ್ಟಿತು. ಸಂಸ್ಥೆ ಪ್ರಮಾಣಪತ್ರವನ್ನೂ ನೀಡಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದು. ನೂಕುಬಲ ಸುಮಾರು 69 ನ್ಯೂಟನ್. ಸೆಕೆಂಡಿಗೆ ಖರ್ಚಾದ ದ್ರವ್ಯರಾಶಿ 7/90, ಅಂದರೆ 0.078 ಕಿಲೋಗ್ರಾಂ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಅನಿಲಗಳು ಹೊರಚಿಮ್ಮಿದ ವೇಗ ಸೆಕೆಂಡಿಗೆ ಸುಮಾರು 880 ಮೀಟರ್ ಎಂದು ತಿಳಿಯುತ್ತದೆ. ಇಂದಿನ ಸೀಮೆಎಣ್ಣೆ–ಆಕ್ಸಿಜನ್ ಎಂಜಿನ್ನುಗಳಲ್ಲಿ ಇದು ಸುಮಾರು 3,000 ಮೀಟರ್. ಅಂಗಡಿಯಲ್ಲಿ ಚಂದ್ರನ ಮಾತಾಡುತ್ತಿದ್ದವರು ಇನ್ನೆಷ್ಟು ದೂರ ಹೋಗಬೇಕಿತ್ತೆಂದು ಈ ಎರಡು ಅಂಕಿಗಳೇ ಹೇಳುತ್ತವೆ. ಆದರೂ ದ್ರವ ಇಂಧನದ ಎಂಜಿನ್ ಹತೋಟಿಯಲ್ಲಿ ಉರಿಯಬಲ್ಲದೆಂದು ಸಾಬೀತಾಗಿತ್ತು.

ಅದೇ ಸೆಪ್ಟೆಂಬರ್ 27ರಂದು ರುಡಾಲ್ಫ್ ನೆಬೆಲ್ ಅವರ ಓಡಾಟದಿಂದ ಬರ್ಲಿನ್ನಿನ ರೈನಿಕೆನ್‌ಡಾರ್ಫ್‌ನಲ್ಲಿ ಹಳೆಯ ಮದ್ದುಗುಂಡಿನ ಉಗ್ರಾಣಗಳಿದ್ದ ಜಾಗ ಸಂಘಕ್ಕೆ ದಕ್ಕಿತು. ಬಾಡಿಗೆ ವರ್ಷಕ್ಕೆ 10 ಮಾರ್ಕ್! ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಕುಶಲಕರ್ಮಿಗಳು ಅಲ್ಲೇ ಉಳಿದು ಸಂಬಳವಿಲ್ಲದೆ ದುಡಿದರು. ನೆಬೆಲ್ ಕಾರ್ಖಾನೆಗಳನ್ನು ಸುತ್ತಿ ಸಾಮಗ್ರಿಗಳನ್ನು ಪುಕ್ಕಟೆಯಾಗಿ ತರುತ್ತಿದ್ದರು. 1931ರ ಮೇ ತಿಂಗಳಲ್ಲಿ ಸಂಘದ ರಾಕೆಟ್ ಕೊನೆಗೂ ಹಾರಿತು. ನೋಡಲು ಬಂದವರಿಂದ ಪ್ರವೇಶ ಶುಲ್ಕ ವಸೂಲಾಯಿತು.

ನೋಡಲು ಬಂದವರಲ್ಲಿ ಸೇನಾಧಿಕಾರಿಗಳೂ ಇದ್ದರು. ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ಭಾರಿ ಫಿರಂಗಿಗಳನ್ನು ನಿಷೇಧಿಸಿತ್ತು. ರಾಕೆಟ್ಟಿನ ಬಗ್ಗೆ ಏನನ್ನೂ ಹೇಳಿರಲಿಲ್ಲ. 1932ರ ಬೇಸಿಗೆಯಲ್ಲಿ ಕುಮ್ಮರ್ಸ್‌ಡಾರ್ಫ್ ಸೇನಾ ಮೈದಾನದಲ್ಲಿ ಸಂಘ ಹಾರಿಸಿದ ರಾಕೆಟ್ ದಾರಿ ತಪ್ಪಿತು. ಸೇನೆಗೆ ಬೇಕಿದ್ದದ್ದು ಅಳತೆಯ ಅಂಕಿಗಳು ಮತ್ತು ಗುಟ್ಟು. ನೆಬೆಲ್ ಅವರ ಪ್ರಚಾರಪ್ರಿಯತೆ ಅದಕ್ಕೆ ಒಗ್ಗಲಿಲ್ಲ. ಫಾನ್ ಬ್ರೌನ್ ಮಾತ್ರ ಅದೇ ವರ್ಷದ ಕೊನೆಗೆ ಸೇನೆಯ ಕೆಲಸಕ್ಕೆ ಸೇರಿದರು. ರಾಕೆಟ್ ಸಂಶೋಧನೆ ಬೇಲಿಯ ಒಳಗೆ ಹೋಯಿತು. ಸಂಘ 1934ರ ಹೊತ್ತಿಗೆ ಕರಗಿತು.

ಬೇಲಿಯ ಒಳಗಿನಿಂದ ಹೊರಬಂದದ್ದು ವಿ-2. 1944ರ ಸೆಪ್ಟೆಂಬರಿನಿಂದ ಅದು ಲಂಡನ್, ಆಂಟ್‌ವರ್ಪ್ ನಗರಗಳ ಮೇಲೆ ಬಿತ್ತು. ಅದನ್ನು ತಯಾರಿಸಿದ ನೆಲದಡಿಯ ಕಾರ್ಖಾನೆಗೆ ಜೀತದಾಳುಗಳನ್ನು ಒದಗಿಸಿದ್ದು ಮಿಟ್ಟೆಲ್‌ಬೌ-ಡೋರಾ ಬಂದೀಶಿಬಿರಗಳು. ಅಲ್ಲಿ ಸತ್ತವರು ಸುಮಾರು 20,000. ಅಂಗಡಿಯಲ್ಲಿ ವಿವರಣೆ ಕೇಳಿದ ಗೃಹಿಣಿಯರಿಗೆ ಯಾರೂ ಇದನ್ನು ಹೇಳಿರಲಿಲ್ಲ. ಹೇಳುವವನಿಗೂ ಗೊತ್ತಿರಲಿಲ್ಲ.

ಸಂಘದ ಪರವಾಗಿ ಬಿಡುವಿಲ್ಲದೆ ಬರೆಯುತ್ತಿದ್ದ ವಿಲ್ಲಿ ಲೇ ಬೇರೆ ದಾರಿ ಹಿಡಿದರು. 1935ರಲ್ಲಿ ನಾಜಿ ಜರ್ಮನಿ ತೊರೆದು ಅಮೆರಿಕಕ್ಕೆ ಹೋಗಿ, ಅಲ್ಲೂ ಜನಸಾಮಾನ್ಯರಿಗಾಗಿ ಬಾಹ್ಯಾಕಾಶದ ಬಗ್ಗೆ ಬರೆಯುತ್ತಲೇ ಇದ್ದರು. ಅಪೊಲೊ-11 ಚಂದ್ರನ ಮೇಲಿಳಿದದ್ದು 1969ರ ಜುಲೈ 20ರಂದು. ಲೇ ತೀರಿಕೊಂಡದ್ದು ಜೂನ್ 24ರಂದು.