ಪರವೂರಿನ ನೂಲು, ಕರಾವಳಿಯ ಮಗ್ಗ

ಬ್ರಹ್ಮಾವರದ ಪಕ್ಕದಲ್ಲಿ ಸಾಲಿಕೇರಿ ಎಂಬ ಊರಿದೆ. ಸಾಲಿಗ ಎಂದರೆ ನೇಕಾರ. ಈಗ ಆ ದಾರಿಯಲ್ಲಿ ಹೋಗುವವರಿಗೆ ಲಾಳಿಯ ಸದ್ದು ಕೇಳದಿದ್ದರೂ, ನೇಯ್ಗೆಯವರಿಗೇ ಒಂದು ಕೇರಿ ಇತ್ತೆಂಬುದನ್ನು ಹೆಸರು ಉಳಿಸಿಕೊಂಡಿದೆ. ಕರಾವಳಿಯಲ್ಲಿ ಈ ಕಸುಬನ್ನು ಬಹುಕಾಲ ನಡೆಸಿಕೊಂಡು ಬಂದವರು ಶೆಟ್ಟಿಗಾರರೆಂದು ಕರೆಸಿಕೊಳ್ಳುವ ಪದ್ಮಶಾಲಿಗಳು.

ಇಷ್ಟು ಹಳೆಯ ಕಸುಬಿಗೆ ಬೇಕಾದ ಮುಖ್ಯ ಸಾಮಗ್ರಿ ಮಾತ್ರ ಇಲ್ಲಿಯದಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಮಣ್ಣು, ಮಳೆ ಎರಡೂ ಭತ್ತಕ್ಕೆ, ತೆಂಗಿಗೆ ಒಗ್ಗಿದವು; ಹತ್ತಿಗಲ್ಲ. ಬೈಂದೂರಿನಿಂದ ಬಡಗಣಕ್ಕಿರುವ ಕುಮಟಾ ಬಂದರು ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಗೆ ಎಷ್ಟು ಹೆಸರಾಗಿತ್ತೆಂದರೆ, ಧಾರವಾಡದ ಸೀಮೆಯಲ್ಲಿ ಬೆಳೆದು ಘಟ್ಟ ಇಳಿದು ಬರುತ್ತಿದ್ದ ಹತ್ತಿಯೇ ಪೇಟೆಯಲ್ಲಿ 'ಕುಮಟಾ ಹತ್ತಿ' ಎನಿಸಿಕೊಂಡಿತ್ತು. ಕರಾವಳಿಯ ಕಣ್ಣೆದುರಿನಲ್ಲೇ ಹತ್ತಿ ಹಡಗೇರಿ ಹೋಗುತ್ತಿತ್ತು. ನೂಲು ಬೇಕಾದರೆ ಹೊರಗಿನಿಂದ ತರಿಸಬೇಕಿತ್ತು.

ಲ್ಯಾಂಕಾಶೈರಿನ ಯಂತ್ರದ ನೂಲು 1820ರ ದಶಕದಿಂದ ಭಾರತಕ್ಕೆ ಬರತೊಡಗಿತು. ಅದು ರಾಟೆಯ ನೂಲನ್ನು ಕೊಂದಿತು, ಆದರೆ ಮಗ್ಗವನ್ನು ಕೂಡಲೇ ಕೊಲ್ಲಲಿಲ್ಲ. ಸಮನಾದ, ಅಗ್ಗದ ನೂಲು ಸಿಕ್ಕಿದ್ದರಿಂದ ನೇಕಾರ ಉಳಿದುಕೊಂಡ. ಆದರೆ ನೂಲಿನ ವ್ಯಾಪಾರಿಯ ಕೈಗೆ ಸಿಕ್ಕಿಬಿದ್ದ. ಮಂಗಳೂರಿನಲ್ಲಿ 1851ರಲ್ಲಿ ಬಾಸೆಲ್ ಮಿಷನ್ನಿನ ಹಾಲರ್ ಹೊಸ ಮಾದರಿಯ ಮಗ್ಗಗಳನ್ನು ಹೂಡಿ, ಖಾಕಿ ಬಣ್ಣವನ್ನು ಕಂಡುಹಿಡಿದವನೆಂದೂ ಹೆಸರು ಪಡೆದ. 1907ರಲ್ಲಿ ಮಂಗಳೂರಿಗೆ ರೈಲು ಬಂದು ಕೊಯಮತ್ತೂರಿನ ದಾರಿ ಹತ್ತಿರವಾಯಿತು. 1930ರ ದಶಕದಲ್ಲಿ ಪೈಕಾರಾದ ವಿದ್ಯುತ್ತಿನಿಂದ ಅಲ್ಲಿನ ನೂಲಿನ ಗಿರಣಿಗಳು ಹೆಚ್ಚಿದವು.

ನೂಲಿನ ಲೆಕ್ಕವೇ ಒಂದು ಶಾಸ್ತ್ರ. 840 ಗಜಕ್ಕೆ ಒಂದು ಲಡಿ. ಒಂದು ಪೌಂಡಿನಲ್ಲಿ ಎಷ್ಟು ಲಡಿಯೋ ಅದೇ ನೂಲಿನ ನಂಬರು. ನಂಬರು ಹೆಚ್ಚಿದಷ್ಟೂ ಎಳೆ ಸಣ್ಣ. ನೂರನೆಯ ನಂಬರಿನ ಒಂದು ಪೌಂಡು ನೂಲನ್ನು ಬಿಚ್ಚಿದರೆ ಸುಮಾರು 77 ಕಿಲೋಮೀಟರು, ಬೈಂದೂರಿನಿಂದ ಉಡುಪಿಗೆ ಎಳೆದರೂ ಮಿಗುತ್ತದೆ. ಉಡುಪಿ ಸೀರೆ ಎಂದು ಹೆಸರಾದ, ಮೈಗೆ ಹಗುರವಾದ ಹತ್ತಿ ಸೀರೆಗೆ ಬೇಕಾದದ್ದು ಎಂಬತ್ತು, ನೂರನೆಯ ನಂಬರಿನ ಇಂಥ ಸಣ್ಣ ಎಳೆಯೇ. ಸಗಟಿನಲ್ಲಿ ಲಡಿನೂಲು ಬರುವುದು ಹತ್ತು ಪೌಂಡಿನ, ಅಂದರೆ ನಾಲ್ಕೂವರೆ ಕಿಲೋದ, ಕಟ್ಟಾಗಿ.

ಆ ಕಟ್ಟು ಗಿರಣಿಯಿಂದ ಮಗ್ಗದ ಮನೆಗೆ ತಲುಪುವಷ್ಟರಲ್ಲಿ ಹಲವು ಕೈ ದಾಟುತ್ತಿತ್ತು. 1941ರಲ್ಲಿ ನೇಮಕಗೊಂಡ ಕೈಮಗ್ಗ-ಗಿರಣಿ ವಿಚಾರಣಾ ಸಮಿತಿ ಈ ಮಧ್ಯವರ್ತಿಗಳ ಸರಣಿಯನ್ನು ವಿವರವಾಗಿ ಪರಿಶೀಲಿಸಿತು. ರೊಕ್ಕವಿಲ್ಲದ ನೇಕಾರನಿಗೆ ನೂಲು ಸಾಲಕ್ಕೆ. ಸಾಲ ಕೊಟ್ಟವನಿಗೇ ಬಟ್ಟೆ. ಎರಡು ಬೆಲೆಯನ್ನೂ ಕಟ್ಟುವವನು ಅವನೇ. ಕರಾವಳಿಯಲ್ಲಿ ಇದರ ಮೇಲೆ ಮಳೆಗಾಲ ಬೇರೆ. ಹಾಸುನೂಲಿಗೆ ಗಂಜಿ ಹಾಕಿ, ಚಾಚಿ ಒಣಗಿಸಬೇಕು. ಆಷಾಢದಲ್ಲಿ ಬಿಸಿಲೆಲ್ಲಿಂದ ತರುವುದು?

ಎರಡನೆಯ ಮಹಾಯುದ್ಧದಲ್ಲಿ ನೂಲಿಗೆ ಬರ ಬಂತು. 1943ರಲ್ಲಿ ಬಟ್ಟೆ, ನೂಲುಗಳ ಮೇಲೆ ಸರಕಾರದ ನಿಯಂತ್ರಣ ಜಾರಿಯಾಯಿತು. ಆಗ ಮದರಾಸು ಪ್ರಾಂತದಲ್ಲಿ (ದಕ್ಷಿಣ ಕನ್ನಡವೂ ಅದರಲ್ಲೇ ಇತ್ತು) ಸಹಕಾರಿ ಸಂಘಗಳ ಮೂಲಕ ನೂಲು ಹಂಚಲಾಯಿತು. ನೇಕಾರರು ಸಂಘಕ್ಕೆ ಸೇರಲು ಸಹಕಾರ ತತ್ತ್ವಕ್ಕಿಂತ ಈ ನೂಲೇ ದೊಡ್ಡ ಕಾರಣವೆಂದರೆ ತಪ್ಪಾಗಲಾರದು. ಕರಾವಳಿಯ ಕೈಮಗ್ಗ ಬಹುಮಟ್ಟಿಗೆ ಬಾಳಿದ್ದು ಬ್ರಹ್ಮಾವರ, ಉಡುಪಿ, ಶಿವಳ್ಳಿ, ತಾಳಿಪಾಡಿ ಮುಂತಾದ ಕಡೆಯ ಸಂಘಗಳ ಆಸರೆಯಲ್ಲಿ.

ಸ್ವಾತಂತ್ರ್ಯಾನಂತರದ ಎದುರಾಳಿ ಗಿರಣಿಗಿಂತ ಹೆಚ್ಚಾಗಿ ವಿದ್ಯುತ್ ಮಗ್ಗ. ವಿದ್ಯುತ್ ಮಗ್ಗಕ್ಕೆ ಕೋನಿಗೆ ಸುತ್ತಿದ ನೂಲು ಬೇಕು, ಕೈಮಗ್ಗಕ್ಕೆ ಲಡಿ. ಲಡಿ ಕಟ್ಟುವುದು ಗಿರಣಿಗೆ ಹೆಚ್ಚಿನ ಖರ್ಚು. ಬಿಟ್ಟರೆ ಯಾರೂ ಕಟ್ಟಲಾರರು. ಅದಕ್ಕಾಗಿಯೇ 1974ರಿಂದ ಗಿರಣಿಗಳು ಒಳನಾಡಿಗೆ ಮಾರುವ ನೂಲಿನ ಒಂದು ಪಾಲನ್ನು ಲಡಿಯಾಗಿಯೇ ಕೊಡಬೇಕೆಂಬ ಕಟ್ಟಳೆ ಬಂತು. ಶೇ. 50 ಇದ್ದ ಆ ಪಾಲು 2003ರಲ್ಲಿ ಶೇ. 40, 2019ರಲ್ಲಿ ಶೇ. 30 ಆಯಿತು. ತೆರಿಗೆಯ ರಿಯಾಯಿತಿ ಪಡೆದ ಲಡಿನೂಲನ್ನು ಮತ್ತೆ ಕೋನಿಗೆ ಸುತ್ತಿ ವಿದ್ಯುತ್ ಮಗ್ಗಕ್ಕೆ ಸಾಗಿಸುವುದು ಹಳೆಯ ದೂರು. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯ ಪಟ್ಟಿಯೂ 22ರಿಂದ 11ಕ್ಕಿಳಿದಿದೆ.

1983ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ನಿಗಮ ಗಿರಣಿಯ ಬೆಲೆಗೇ ನೂಲು ಒದಗಿಸುತ್ತದೆ; ಈಗ ಶೇ. 15ರ ಸಹಾಯಧನವೂ ಇದೆ. ಆದರೆ ಮೂಲದಲ್ಲೇ ಬೆಲೆ ಜಿಗಿದರೆ ಇವು ಎಷ್ಟರ ಆಸರೆ? 2022ರ ಬೇಸಗೆಯಲ್ಲಿ 356 ಕಿಲೋದ ಒಂದು ಖಂಡಿ ಹತ್ತಿ ಒಂದು ಲಕ್ಷ ರೂಪಾಯಿ ದಾಟಿತ್ತು. ಗಿರಣಿ ಮರುವಾರವೇ ನೂಲಿನ ದರ ಏರಿಸಬಲ್ಲದು. ಹತ್ತಿ ಸೀರೆಯ ಬೆಲೆಯನ್ನು ಸಂಘ ಹಾಗೆ ಏರಿಸಿದರೆ ಗಿರಾಕಿ ಪಕ್ಕದಂಗಡಿಯ ಪಾಲಿಯೆಸ್ಟರ್ ಮುಟ್ಟಿ ನೋಡುತ್ತಾನೆ. ಕುಂದಾಪುರ, ಬೈಂದೂರಿನ ಪೇಟೆಗಳಲ್ಲಿ ಬಟ್ಟೆಯಂಗಡಿಗೆ ಬರವಿಲ್ಲ.

ಇನ್ನೊಂದು ತೊಡಕು ಸಣ್ಣದೆನಿಸಿದರೂ ಕಠಿಣವಾದದ್ದು. ಒಂದು ಕಟ್ಟು ನೂಲಿನಲ್ಲಿ ಹತ್ತು ಸೀರೆಯ ಸುಮಾರಿಗೆ ನೇಯಬಹುದು. ಮಗ್ಗಗಳು ಕಡಿಮೆಯಾದಂತೆ ಸಂಘ ತರಿಸುವ ಕಟ್ಟುಗಳೂ ಕಡಿಮೆ; ಅದರಲ್ಲೂ ಬೇರೆ ಬೇರೆ ನಂಬರು, ಬೇರೆ ಬೇರೆ ಬಣ್ಣ. ಸಗಟು ವ್ಯಾಪಾರಕ್ಕೆ ಇದು ಗಿರಾಕಿಯೇ ಅಲ್ಲ. ನೂಲು ತಡವಾದರೆ ಮಗ್ಗ ಖಾಲಿ, ಮಗ್ಗ ಖಾಲಿಯಾದರೆ ಕೂಲಿಯಿಲ್ಲ, ಮಗ ಮುಂಬಯಿಯ ಹೋಟೆಲಿಗೋ ಬೆಂಗಳೂರಿಗೋ ಹೊರಡುತ್ತಾನೆ. ಸಂಘದ ಮುಂದಿನ ಬೇಡಿಕೆ ಇನ್ನೂ ಒಂದು ಕಟ್ಟು ಕಡಿಮೆ.

ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಕಿನ್ನಿಗೋಳಿಯ ತಾಳಿಪಾಡಿ ಸಂಘದೊಂದಿಗೆ ಕದಿಕೆ ಟ್ರಸ್ಟ್ ಕೈಜೋಡಿಸಿ ಹೊಸಬರಿಗೆ ನೇಯ್ಗೆ ಕಲಿಸುತ್ತಿದೆ. ನೂಲಿಗೆ ಅಡಿಕೆಯ ಚೊಗರಿನಂಥ ನೈಸರ್ಗಿಕ ಬಣ್ಣ ಕಟ್ಟುವ ಕೆಲಸವೂ ನಡೆದಿದೆ. ಬಣ್ಣಕ್ಕೆ ಅಡಿಕೆ ಊರಿನದೇ ಸಿಗುತ್ತದೆ. ನೂಲು ಇಂದಿಗೂ ಹೊರಗಿನದು.