ಗಿಣ್ಣು, ಒಳಲೆ ಮತ್ತು ಪಂಪು

ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಕಡೆಯ ನಮ್ಮ ಮನೆಯಲ್ಲಿ ಹಸು ಕರು ಹಾಕಿದರೆ ಮೊದಲ ಕೆಲವು ದಿನದ ಹಾಲು ಡೈರಿಗೆ ಹೋಗುವುದಿಲ್ಲ. ಕರು ಕುಡಿದು ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಗಿಣ್ಣು ಮಾಡಿ, ಅಕ್ಕಪಕ್ಕದ ನಾಲ್ಕು ಮನೆಗೆ ಹಂಚುತ್ತೇವೆ. ಅದೇ ಮನೆಯ ಬಾಣಂತಿ ಕೋಣೆಯಲ್ಲಿ, ನನ್ನ ಅವ್ವನ ಕಾಲಕ್ಕೆ, ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ಅದು ಹಳದಿಯಾಗಿದೆ, ಮಂದವಾಗಿದೆ, ಮಗುವಿಗೆ ಆಗುವುದಿಲ್ಲ ಎಂಬ ನಂಬಿಕೆ. ಹಸುವಿನ ಗಿಣ್ಣು ಔತಣ, ಹೆಂಗಸಿನ ಗಿಣ್ಣು ಕಲ್ಮಷ. ನಾನು ಹುಟ್ಟಿದಾಗಲೂ ಹಾಗೆಯೇ ಆಯಿತಂತೆ. ಮೂರು ದಿನ ನನಗೆ ಸಿಕ್ಕಿದ್ದು ಸಕ್ಕರೆ ನೀರು ಮತ್ತು ಒಂದಿಷ್ಟು ಜೇನು.

ಎರಡು ವರ್ಷದ ಹಿಂದೆ ಅಕ್ಕನ ಮಗಳಿಗೆ ಮೂವತ್ತಮೂರನೇ ವಾರಕ್ಕೇ ಹೆರಿಗೆಯಾಯಿತು. ಮಗು ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವ ಶಕ್ತಿ ಮಕ್ಕಳಿಗೆ ಬರುವುದು ಸುಮಾರು ಮೂವತ್ತನಾಲ್ಕನೇ ವಾರದ ಹೊತ್ತಿಗೆ. ಹಾಗಾಗಿ ಮಗು ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಪಕ್ಕದ ವಾರ್ಡಿನಲ್ಲಿ, ನಡುವೆ ಒಂದು ಪಂಪು. ಮನೆಗೆ ಬಂದ ಮೇಲೂ ಮಗು ಎದೆ ಹಿಡಿಯಲಿಲ್ಲ. ಅವಳು ಏಳು ತಿಂಗಳು ದಿನಕ್ಕೆ ಎಂಟು ಸಲ ಹಾಲು ತೆಗೆದು ಕುಡಿಸಿದಳು. ನೋಡಲು ಬಂದ ಹಿರಿಯರೊಬ್ಬರು ಅಂದರು: "ಹಸು ಕರ್ದಂಗೆ ಕರ್ದು ಬಾಟ್ಲಿಗೆ ಹಾಕ್ತೀಯಲ್ಲವ್ವ. ಎದೆಗೆ ಹಾಕ್ಕಂಡ್ರೆ ತಾನೆ ತಾಯಿ?" ಅವಳು ಉತ್ತರ ಕೊಡಲಿಲ್ಲ. ಆ ರಾತ್ರಿ ಎರಡು ಗಂಟೆಗೆ ಪಂಪಿನ ಸದ್ದಿನ ಜೊತೆ ಅವಳು ಅಳುವುದೂ ಕೇಳಿಸಿತು.

ಆ ಮಾತಿನ ಹಿಂದೆ ಒಂದು ಊಹೆಯಿದೆ: ಹಿಂದೆಲ್ಲ ತಾಯಂದಿರು ಎದೆಗೆ ಹಾಕಿಕೊಂಡೇ ಸಾಕಿದರು, ಹಿಂಡಿ ಕುಡಿಸುವುದು ಈಗಿನವರ ಹೊಸ ಚಾಳಿ ಎಂದು. ಚರಿತ್ರೆ ಹಾಗೆ ಹೇಳುವುದಿಲ್ಲ.

ಆಯುರ್ವೇದದ ಹಳೆಯ ಗ್ರಂಥಗಳಲ್ಲೇ ಹಿಂಡಿದ ಹಾಲಿನ ಪ್ರಸ್ತಾಪವಿದೆ. ಒಳ್ಳೆಯ ಎದೆಹಾಲು ಯಾವುದು ಎಂದು ತಿಳಿಯಲು ಅದನ್ನು ನೀರಿನ ಪಾತ್ರೆಗೆ ಕರೆದು ನೋಡಬೇಕು, ನೀರಿನಲ್ಲಿ ಒಂದಾಗಿ ಬೆರೆತರೆ ಶುದ್ಧ ಎನ್ನುತ್ತದೆ ಚರಕಸಂಹಿತೆ. ಮಗುವಿಗೆ ಎದೆ ಕೊಡುವ ಮುನ್ನ ತೊಳೆದು, ಸ್ವಲ್ಪ ಹಾಲನ್ನು ಹೊರಗೆ ಹಿಂಡಬೇಕು ಎನ್ನುತ್ತದೆ ಸುಶ್ರುತಸಂಹಿತೆ. ಹಾಲು ಇಳಿಯುವುದು ಮೂರು ನಾಲ್ಕು ದಿನದ ಮೇಲೆ ಎಂದೂ, ಅಲ್ಲಿಯವರೆಗೆ ಜೇನು ತುಪ್ಪ ಕೊಡಬೇಕೆಂದೂ ಹೇಳುವುದು ಅದೇ ಗ್ರಂಥ. ನಮ್ಮ ಬಾಣಂತಿ ಕೋಣೆಯ ಜೇನಿಗೂ ಅದಕ್ಕೂ ನೇರ ನಂಟಿದೆಯೋ ಇಲ್ಲವೋ, ಎರಡರ ನಂಬಿಕೆ ಮಾತ್ರ ಒಂದೇ. ಎರಡರಲ್ಲೂ ತಾಯಿಯ ಕೈಗೆ ಹಿಂಡುವ ಕೆಲಸ ಗೊತ್ತಿತ್ತು. ಹಿಂಡಿದ್ದನ್ನು ಏನು ಮಾಡಬೇಕು ಎಂಬುದಷ್ಟೇ ಕಾಲದಿಂದ ಕಾಲಕ್ಕೆ ಬದಲಾಯಿತು.

ಕುಡಿಸುವ ಸಾಧನವೂ ಮನೆಯಲ್ಲೇ ಇತ್ತು. ಒಳಲೆ ಎಂದರೆ ಈಗಿನ ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಅಂಗೈಯಷ್ಟಗಲದ, ಒಂದು ಕಡೆ ಉದ್ದ ಮೂತಿಯಿರುವ ಪುಟ್ಟ ಪಾತ್ರೆ. ಉಳ್ಳವರಲ್ಲಿ ಬೆಳ್ಳಿ, ಉಳಿದವರಲ್ಲಿ ಹಿತ್ತಾಳೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತುಟಿಯ ಅಂಚಿಗೆ ಆ ಮೂತಿ ತಾಗಿಸಿ ಹಾಲನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ತಮಿಳಿನಲ್ಲಿ ಅದು ಪಾಲಾಡೈ. ಇಂದು ಭಾರತದ ನವಜಾತ ಶಿಶು ವಿಭಾಗಗಳಲ್ಲಿ, ಅವಧಿಗೆ ಮುಂಚೆ ಹುಟ್ಟಿ ಹೀರಲಾರದ ಮಕ್ಕಳಿಗೆ ತಾಯಿಯ ಹಾಲನ್ನು ಕುಡಿಸಲು ನರ್ಸುಗಳು ಬಳಸುವುದು ಇದನ್ನೇ. ಬಾಟಲಿಗಿಂತ ಇದನ್ನು ತೊಳೆದು ಕುದಿಸುವುದು ಸುಲಭ, ಮೂಲೆಗಳಲ್ಲಿ ಹಾಲು ಕಟ್ಟಿ ಕೊಳೆಯುವುದಿಲ್ಲ.

ಒಳಲೆಯನ್ನು ಅಟ್ಟಕ್ಕೆ ಹಾಕಿದ್ದು ಬಾಟಲಿ ಮತ್ತು ಡಬ್ಬಿ ಹಾಲು. ಅದರಲ್ಲಿ ಮೈಸೂರಿನ ಪಾಲೂ ಇದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಆ ದಶಕದಲ್ಲೇ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದರು. ಗುಜರಾತಿನ ಖೇಡಾ ಜಿಲ್ಲೆಯ ಸಹಕಾರಿಗಳು ಅದನ್ನು ಅಮುಲ್ ಹೆಸರಿನಲ್ಲಿ ಡಬ್ಬಿಗೆ ತುಂಬಿದರು. ಹೊರದೇಶದ ಪುಡಿಗೆ ಕಾಯುತ್ತಿದ್ದ ದೇಶಕ್ಕೆ ಅದು ನಿಜವಾದ ಸಾಧನೆ, ತಾಯಿಯಿಲ್ಲದ ಎಷ್ಟೋ ಮಕ್ಕಳಿಗೆ ಜೀವದಾನ. ಮೈಸೂರಿನ ಹೆರಿಗೆ ಆಸ್ಪತ್ರೆಯ ಹೆಸರೂ ಚೆಲುವಾಂಬ. ಆದರೆ ಡಬ್ಬಿಯ ಮೇಲಿನ ಗುಂಡುಗುಂಡಗಿನ ಮಗುವಿನ ಚಿತ್ರ ಹಾಲಿರುವ ತಾಯಂದಿರನ್ನೂ ಅನುಮಾನಕ್ಕೆ ತಳ್ಳಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಾರಾಟಕ್ಕೆ ನಿಯಮಾವಳಿ ತಂದಿತು. 1992ರಲ್ಲಿ ಭಾರತದ ಕಾಯ್ದೆ ಶಿಶು ಹಾಲಿನ ಜಾಹೀರಾತನ್ನೇ ನಿಷೇಧಿಸಿತು. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ.

ಪಂಪಿನ ಕತೆ ಬೇರೆ ದಾರಿಯದು. ಯುರೋಪಿನಲ್ಲಿ ಹದಿನಾರನೇ ಶತಮಾನದಲ್ಲೇ, ತಾಯಿ ತಾನೇ ಬಾಯಿಂದ ಎಳೆದುಕೊಳ್ಳುವಂಥ ಗಾಜಿನ ಸಾಧನಗಳಿದ್ದವು. ಕಟ್ಟಿದ ಹಾಲನ್ನು ಇಳಿಸಿ ನೋವು ಕಳೆಯುವುದೇ ಅವುಗಳ ಮುಖ್ಯ ಕೆಲಸ. ಅಮೆರಿಕದಲ್ಲಿ ಎದೆಹಾಲಿನ ಪಂಪಿಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1854ರಲ್ಲಿ, ಓ. ಎಚ್. ನೀಡ್‌ಹ್ಯಾಮ್ ಎಂಬುವರಿಗೆ. 1920ರ ದಶಕದಲ್ಲಿ ವಿದ್ಯುತ್ ಪಂಪು ರೂಪಿಸಿದವರಲ್ಲಿ ಒಬ್ಬರು ಎಡ್ವರ್ಡ್ ಲಾಸ್ಕರ್, ಚದುರಂಗ ಲೋಕ ಬಲ್ಲ ಅದೇ ಲಾಸ್ಕರ್, ವೃತ್ತಿಯಿಂದ ಎಂಜಿನಿಯರ್. 1956ರಲ್ಲಿ ಸ್ವೀಡನ್ನಿನ ಐನಾರ್ ಎಗ್ನೆಲ್, ಮೈಗೆ ಗಾಯ ಮಾಡದಷ್ಟು ಎಳೆತ ಎಷ್ಟಿರಬೇಕು, ನಡುನಡುವೆ ಎಷ್ಟು ಬಿಡುವು ಕೊಡಬೇಕು ಎಂದು ಅಳೆದು ಸೌಮ್ಯವಾದ ಪಂಪು ತಂದರು. ಅದಕ್ಕೆ ಅವರು ಇಟ್ಟ ಹೆಸರು ತಮ್ಮದಲ್ಲ, ತಮ್ಮೊಡನೆ ದುಡಿದ ನರ್ಸ್ ಮಾಯಾ ಅವರದು. ಪಂಪು ಆಸ್ಪತ್ರೆ ದಾಟಿ ಕೈಚೀಲಕ್ಕೆ ಬಂದದ್ದು ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ.

ಆದರೆ ಎಳೆತವೊಂದರಿಂದಲೇ ಹಾಲು ಬರುವುದಿಲ್ಲ. ಇದು ಹಾಸನ ಜಿಲ್ಲೆಯ ಯಾವ ರೈತನಿಗಾದರೂ ಗೊತ್ತು. ಕರು ಸತ್ತರೆ ಹಸು ತೊರೆ ಬಿಡುವುದಿಲ್ಲ. ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ, ಹಸುವಿನ ಮುಂದೆ ನಿಲ್ಲಿಸಿ, ಅದು ನೆಕ್ಕುತ್ತಿರುವಾಗ ಹಾಲು ಕರೆಯುತ್ತಿದ್ದರು. ವೈದ್ಯರು ಇದನ್ನೇ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಹೆಸರಿನಲ್ಲಿ ವಿವರಿಸುತ್ತಾರೆ: ಮಗುವಿನ ಮುಖ, ಅಳು, ವಾಸನೆಗೆ ತಾಯಿಯ ಎದೆ ತೊರೆಯುತ್ತದೆ, ಆತಂಕಕ್ಕೆ ಹಿಂಜರಿಯುತ್ತದೆ. ಅಕ್ಕನ ಮಗಳು ಪಂಪು ಹಚ್ಚಿಕೊಂಡು ಮೊಬೈಲಿನಲ್ಲಿ ಮಗುವಿನ ಫೋಟೊ ನೋಡುತ್ತ ಕೂರುತ್ತಿದ್ದಳು. ಮೊದಲ ದಿನ ಅರ್ಧ ಗಂಟೆಗೆ ಬಂದದ್ದು ಐದು ಮಿಲಿ ಲೀಟರ್. ದೊಡ್ಡ ಬಾಟಲಿಯ ತಳದಲ್ಲಿ ಹಳದಿ ಗೆರೆಯಷ್ಟು. ಅಂಥ ಮಗುವಿಗೆ ಮೊದಲ ದಿನ ಒಂದು ಹೊತ್ತಿಗೆ ಬೇಕಾಗುವುದೂ ಕೆಲವೇ ಮಿಲಿ ಲೀಟರ್ ಎಂದು ನರ್ಸ್ ಹೇಳಿದ ಮೇಲೂ ಅವಳಿಗೆ ಸಮಾಧಾನವಿರಲಿಲ್ಲ. ಆಗ ನನಗೆ ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದ ಗುಳ್ಳಕಾಯಜ್ಜಿ ನೆನಪಾದಳು. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದ ಮುಟ್ಟದಿದ್ದಾಗ, ಆ ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಮೈಯೆಲ್ಲ ತೋಯಿಸಿತು ಎಂಬುದು ಐತಿಹ್ಯ.

ಹಾಗೆ ಕೂಡಿಟ್ಟ ಹಾಲು ಒಂದೇ ಮಗುವಿಗೆ ಸೀಮಿತವಾಗಬೇಕಿಲ್ಲ. 1909ರಲ್ಲಿ ವಿಯೆನ್ನಾದಲ್ಲಿ ಮೊದಲ ಎದೆಹಾಲಿನ ಬ್ಯಾಂಕ್ ತೆರೆಯಿತು. ಏಷ್ಯಾದ ಮೊದಲನೆಯದನ್ನು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಯಲ್ಲಿ 'ಅಮೃತಧಾರೆ' ಶುರುವಾಗಿದ್ದು 2022ರಲ್ಲಿ. ಅಲ್ಲಿ ದಾನಿ ತಾಯಂದಿರ ಹಾಲನ್ನು ಪರೀಕ್ಷಿಸಿ, 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ಮೈನಸ್ 20 ಡಿಗ್ರಿಯಲ್ಲಿಡುತ್ತಾರೆ. ಹಸುಗೂಸುಗಳ ಕರುಳು ಕೊಳೆಯುವ ಭೀಕರ ಕಾಯಿಲೆಯ ಅಪಾಯ ಈ ಹಾಲಿನಿಂದ ಕಡಿಮೆಯಾಗುತ್ತದೆ. ಯಾರ ಹಾಲು ಯಾರ ಮಗುವಿಗೆ ಎಂದು ಜಾತಿ ಕೇಳುವ ಸಮಾಜದಲ್ಲಿ, ನಾಲ್ಕಾರು ತಾಯಂದಿರ ಹಾಲು ಹೆಸರಿಲ್ಲದೆ ಒಂದೇ ಪಾತ್ರೆಯಲ್ಲಿ ಬೆರೆಯುತ್ತದೆ. ಇದು ಸಣ್ಣ ಸಂಗತಿಯಲ್ಲ.

ಹಿಂಡಿದ ಹಾಲಿಗೆ ಬೆಲೆ ಬಂದಾಗ ವ್ಯಾಪಾರಿಯೂ ಬಂದ. ಬೆಂಗಳೂರಿನ ಕಂಪನಿಯೊಂದು ಎದೆಹಾಲನ್ನು ಸಂಸ್ಕರಿಸಿ ಮಾರಲು ಮೊದಲು ಆಹಾರ ಪರವಾನಗಿ, ಅದು ರದ್ದಾದ ಮೇಲೆ 'ನಾರೀಕ್ಷೀರ'ವೆಂದು ಆಯುರ್ವೇದದ ಪರವಾನಗಿ ಪಡೆದಿತ್ತು. ಅದೂ 2022ರಲ್ಲಿ ರದ್ದಾಯಿತು. 2024ರ ಮೇ ತಿಂಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ತಾಯಿಹಾಲಿನ ಮಾರಾಟಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲವೆಂದು ಸ್ಪಷ್ಟಪಡಿಸಿತು. ಬಡ ತಾಯಿ ತನ್ನ ಮಗುವಿನ ಪಾಲನ್ನೇ ಮಾರುವಂತಾಗಬಾರದು ಎಂಬುದು ಇಲ್ಲಿನ ಮುಖ್ಯ ಆತಂಕ.

ದುಡಿಯುವ ತಾಯಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಟ್ಟಿತು. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿ, ಐವತ್ತು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. ಆದರೆ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡುವವಳಿಗೆ ಯಾವ ಕೊಠಡಿ? ಪಂಪು ಇದ್ದರೆ ಸಾಲದು. ಅದನ್ನು ಬಳಸಲು ಬಾಗಿಲಿರುವ ಒಂದು ಜಾಗ, ಇಪ್ಪತ್ತು ನಿಮಿಷ, ತಣ್ಣನೆಯ ಪೆಟ್ಟಿಗೆ ಬೇಕು. ತೆಗೆದ ಹಾಲು ಕೋಣೆಯ ತಾಪಮಾನದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ ಎಂಬ ಲೆಕ್ಕ ಕರೆಂಟು ಇರುವ ಮನೆಯದು.

ಆ ಹಿರಿಯರು ಹೋದ ಮಾರನೇ ದಿನ ಅವ್ವ ಅಟ್ಟದಿಂದ ಹಿತ್ತಾಳೆ ಒಳಲೆ ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ಕುದಿಸಿದಳು. ಹಿತ್ತಾಳೆ ಬೇಡ, ಸ್ಟೀಲಿನದು ತರೋಣ ಎಂದೆ. "ತತ್ತಾ" ಎಂದು ಒಪ್ಪಿಕೊಂಡಳು. ಮೊಮ್ಮಗಳು ಪಂಪು ಬಿಚ್ಚುವವರೆಗೆ ಕಾದಿದ್ದು, ಬಾಟಲಿಯನ್ನು ತಾನೇ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ನಾವು ಚೆಲ್ಲಿದ್ದುನ್ನ ನೀನು ಎತ್ತಿಟ್ಕಂಡಿದೀಯ ಕಣವ್ವ" ಎಂದಳು. "ಯಾರೇನಂದ್ರೂ ಬುಡು."