ಗೋಕಾಕದ ಕರೆಂಟು, ಹುಕ್ಕೇರಿಯ ಕಂಬ ಮತ್ತು ನನ್ನ ಸೈಕಲ್ಲು

ಗೋಕಾಕದ ಬಗ್ಗೆ ಯಾರೇ ಬರೆಯಲಿ, ಒಂದು ಸಾಲು ಬಂದೇ ಬರುತ್ತೆ: ಭಾರತದಲ್ಲಿ ಮೊಟ್ಟಮೊದಲು ವಿದ್ಯುತ್ ಹುಟ್ಟಿದ್ದು ಇಲ್ಲಿ, 1887ರಲ್ಲಿ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿದೆ, ಫಾರ್ವರ್ಡ್ ಮೆಸೇಜುಗಳಲ್ಲಿದೆ, ನಮ್ಮ ಕಡೆಯ ಭಾಷಣಗಳಲ್ಲಂತೂ ಇದ್ದೇ ಇದೆ. (ಶಿವನಸಮುದ್ರದ ಕಡೆಯವರ ಮುಂದೆ ಹೇಳಿ ನೋಡಿ, ಜಗಳಕ್ಕೇ ಬರ್ತಾರೆ.) ಎಲೆಕ್ಟ್ರಿಕಲ್ ಓದಿ ಸಾಫ್ಟ್‌ವೇರಿಗೆ ಬಂದು ಬಿದ್ದ ನನಗೆ ಈ ಸಾಲು ಯಾಕೋ ಗಂಟಲಲ್ಲಿ ಇಳಿದಿರಲಿಲ್ಲ. ಜಾಗ ನೋಡದೆ ವಾದ ಮಾಡಬಾರದು ಅಂತ ಸೀಗಿ ಹುಣ್ಣಿಮೆಯ ಮರುದಿನ ಹುಕ್ಕೇರಿಯಿಂದ ಸೈಕಲ್ ಹತ್ತಿ ಹೊರಟೆ. ಒಬ್ಬನೇ.

ಹುಕ್ಕೇರಿ ಅಂದರೆ ಎಲ್ಲರಿಗೂ ಆದಿಲಶಾಹಿ ಕಾಲದ ಗುಮ್ಮಟಗಳು ನೆನಪಾಗುತ್ತವೆ. 16ನೇ ಶತಮಾನದವು, 1656ರಲ್ಲಿ ಮುಗಿದ ಬಿಜಾಪುರದ ಗೋಲಗುಮ್ಮಟಕ್ಕಿಂತ ಹಿರಿಯವು. ಆದರೆ ನಾನು ನೋಡಿದ್ದು ಅವುಗಳ ಪಕ್ಕದ ಕರೆಂಟು ಕಂಬಗಳನ್ನು. ಈ ತಾಲೂಕಿಗೆ ಮನೆಮನೆಗೆ ಕರೆಂಟು ಹಂಚುವುದು ಹೆಸ್ಕಾಂ ಅಲ್ಲ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ್ದು. ಹಳ್ಳಿಯ ಜನರೇ ಸದಸ್ಯರಾಗಿ ಕರೆಂಟು ಹಂಚುವ ಅಮೆರಿಕದ ಪದ್ಧತಿಯನ್ನು ನಮ್ಮಲ್ಲಿ ಪ್ರಯೋಗ ಮಾಡಲು ಆಗ ದೇಶದಲ್ಲಿ ಐದೇ ಐದು ಕಡೆ ಆರಿಸಿದರು: ಆಂಧ್ರದ ಸಿರಿಸಿಲ್ಲ (ಈಗ ತೆಲಂಗಾಣ), ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರಪ್ರದೇಶದ ಲಖನೌ, ಮತ್ತೆ ನಮ್ಮ ಹುಕ್ಕೇರಿ. ಇದು ನಿಜಕ್ಕೂ ಹೆಮ್ಮೆ ಪಡಬಹುದಾದ ಸಂಗತಿ. ಆದರೆ ಯಾವ ಫಾರ್ವರ್ಡಿನಲ್ಲೂ ನಾನಿದನ್ನು ಕಂಡಿಲ್ಲ!

ದಾರಿಯ ಎರಡೂ ಕಡೆ ಕಬ್ಬು, ಒಣಗಿ ನಿಂತ ಗೋವಿನಜೋಳ. ಹಿಂದಿನ ದಿನ ಚರಗ ಚೆಲ್ಲಿದ ಹೊಲಗಳು. ಘಟಪ್ರಭೆಯ ದಂಡೆಯ ಘೋಡಗೇರಿ ಇದೇ ತಾಲೂಕಿನದು, 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದ ಊರು. ಅಲ್ಲೊಂದು ಚಹಾದಂಗಡಿ ಮುಂದೆ ನಿಂತಾಗ ಅಜ್ಜರೊಬ್ಬರು, "ಎಲ್ಲಿಮಟಾ ಹೊಂಟೀಪಾ ತಮ್ಮಾ?" ಅಂದರು. ಗೋಕಾಕ ಫಾಲ್ಸಿಗೆ ಅಂದೆ. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಯಾಕ, ಬಸ್ ಬಂದ್ ಅದಾವೇನ?" :-)

ಘಟಪ್ರಭಾ ಊರು ದಾಟಿ, ಧೂಪದಾಳದ ಒಡ್ಡು ನೋಡಿ, ಕೊಣ್ಣೂರಿನ ಕಡೆ ತಿರುಗಿದ ಮೇಲೆ ನೆಲದ ಬಣ್ಣವೇ ಬದಲಾಗುತ್ತೆ. ಎರೆಮಣ್ಣು ಹೋಗಿ ಮರಳುಗಲ್ಲಿನ ಬಂಡೆ. ಆ ಬಂಡೆಯ ಅಂಚಿನಿಂದ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಮಳೆಗಾಲದ ಕೆಂಪು ಇಳಿದಿತ್ತು, ನೀರು ಎಳೆ ಎಳೆಯಾಗಿ ಬೀಳುತ್ತಿತ್ತು. ಮೇಲೆ ಹಿಡಕಲ್ಲಿನಲ್ಲಿ 51 ಟಿಎಂಸಿ ಹಿಡಿಯುವ ಅಣೆಕಟ್ಟು ಇರುವಾಗ ಫಾಲ್ಸು ಹೇಗಿರಬೇಕು ಅನ್ನೋದು ಈಗ ಮಳೆಯೊಂದರ ಕೈಲಿಲ್ಲ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. 1885ರಲ್ಲಿ ಇಲ್ಲಿ ಹತ್ತಿ ನೂಲುವ ಗಿರಣಿಗಾಗಿ ಹುಟ್ಟಿದ ಕಂಪನಿಯ ಹೆಸರನ್ನೇ ಗಮನಿಸಿ: ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ವಾಟರ್ ಪವರ್! ನೀರಿನ ಶಕ್ತಿ, ವಿದ್ಯುತ್ ಶಕ್ತಿ ಅಂತ ಇಲ್ಲ. ಆ ಕಾಲದ ಗಿರಣಿಗಳಲ್ಲಿ ನೀರು ಟರ್ಬೈನನ್ನು ತಿರುಗಿಸಿದರೆ ಆ ತಿರುಗುವಿಕೆಯೇ ಹಗ್ಗ, ಪಟ್ಟಿ, ರಾಟೆ, ದಂಡಗಳ ಮೂಲಕ ಯಂತ್ರಗಳಿಗೆ ಹೋಗುತ್ತಿತ್ತು. ನಡುವೆ ತಂತಿಯೂ ಇಲ್ಲ, ಕರೆಂಟೂ ಇಲ್ಲ. ನನ್ನ ಸೈಕಲ್ಲಿನ ಚೈನು ಮಾಡುವುದೂ ಇದೇ ಕೆಲಸ ತಾನೇ? (ಅಂದ ಹಾಗೆ, ಹಿಂದಿನ ಗಾಲಿಗೆ ಚೈನು ಹಾಕಿದ ಸ್ಟಾರ್ಲಿಯ ರೋವರ್ ಸೈಕಲ್ಲು ಇಂಗ್ಲೆಂಡಿನಲ್ಲಿ ಬಂದಿದ್ದೂ ಅದೇ 1885ರಲ್ಲಿ!)

ಇಸವಿಗಳನ್ನು ಜೋಡಿಸಿ ನೋಡಿ. ಎಡಿಸನ್ ನ್ಯೂಯಾರ್ಕಿನಲ್ಲಿ ಮನೆಗಳಿಗೆ ದೀಪ ಹಚ್ಚಿದ್ದು 1882. ಟೆಸ್ಲಾನ ಇಂಡಕ್ಷನ್ ಮೋಟರಿಗೆ ಪೇಟೆಂಟ್ ಸಿಕ್ಕಿದ್ದು 1888. ಜರ್ಮನಿಯಲ್ಲಿ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ ಮೂರು ಫೇಸಿನ ಕರೆಂಟು ಕಳಿಸಿ ತೋರಿಸಿದ್ದು 1891. ಹೀಗಿರುವಾಗ 1887ರಲ್ಲಿ ಗೋಕಾಕದ ಗಿರಣಿಯ ಕದಿರುಗಳು ಕರೆಂಟಿನಿಂದ ತಿರುಗಿದವು ಅಂದರೆ ನನಗಂತೂ ನಂಬೋಕೆ ಆಗಲ್ಲ. ದೀಪಕ್ಕೆ ಒಂದು ಡೈನಮೋ ಇಟ್ಟಿದ್ದರು ಅಂದರೆ ಅದು ಬೇರೆ ಮಾತು. ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ ಜಲವಿದ್ಯುತ್ ಬಂದಿದ್ದು 1897ರಲ್ಲಿ, 130 ಕಿಲೋವ್ಯಾಟ್. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದು 1902ರಲ್ಲಿ. ಅಲ್ಲಿ ಆಗಿದ್ದು ಕರೆಂಟಿನ ಸಾಹಸ, ಇಲ್ಲಿ ಆಗಿದ್ದು ನೀರಿನ ಸಾಹಸ. 1880ರ ದಶಕದಲ್ಲಿ ಇಂಥ ಕೊರಕಲಿನಲ್ಲಿ ಟರ್ಬೈನು ಕೂರಿಸಿದ್ದು ಕಡಿಮೆ ಕೆಲಸವೇ? ಅದಕ್ಕೆ ಇನ್ನೊಂದರ ಹೆಸರು ಯಾಕೆ ಹಚ್ಚಬೇಕು?

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ಹಗ್ಗದ ಮೇಲೆ ಹೋಗುವ ಶಕ್ತಿ ಗಿರಣಿಯ ಗೋಡೆ ದಾಟಲ್ಲ. ಫಾಲ್ಸಿನ ಶಕ್ತಿಯಿಂದ ನೂಲು ಬಂತು, ಕೂಲಿ ಬಂತು. ಆದರೆ ಅದೇ ಘಟಪ್ರಭೆಯ ದಂಡೆಯ ರೈತನಿಗೆ ಬಾವಿಯ ನೀರು ಎತ್ತೋಕೆ ಎತ್ತುಗಳೇ ಗತಿ. ಗಿರಣಿ ತಿರುಗಿ 82 ವರ್ಷ ಆದಮೇಲೆ ಮೇಲ್ದಂಡೆಯ ಹುಕ್ಕೇರಿಯಲ್ಲಿ ರೈತರೇ ಷೇರು ಹಾಕಿದ ಸಂಘ ಬಂತು. ಮೊದಲು ಯಾರು ಅನ್ನೋ ಪಟ್ಟಿಗಿಂತ ಯಾರ ಮನೆ ಬಾಗಿಲತನಕ ಬಂತು ಅನ್ನೋ ಪಟ್ಟಿಯನ್ನೇ ನಾನಾದರೆ ಮೊದಲು ಓದುತ್ತೇನೆ.

ತೂಗುಸೇತುವೆ ನೋಡುತ್ತಾ ಬಂಡೆಯ ಮೇಲೆ ಕೂತು ಲೆಕ್ಕ ಹಾಕಿದೆ. 52 ಮೀಟರ್ ಎತ್ತರದಿಂದ ಎಲ್ಲೂ ನಷ್ಟವಿಲ್ಲದೆ ಒಂದು ಯೂನಿಟ್ ತೆಗೆಯಬೇಕಾದರೆ ಸುಮಾರು 7 ಸಾವಿರ ಲೀಟರ್ ನೀರು ಬೀಳಬೇಕು. ನಾನೂ ಸೈಕಲ್ಲೂ ಸೇರಿ 85 ಕಿಲೋ. ಅಷ್ಟೇ ಎತ್ತರ ಇಳಿದರೆ ಒಂದು ಯೂನಿಟ್ಟಿನ 83ನೇ ಒಂದು ಭಾಗ. ಬಿಲ್ಲು ಬರುವಷ್ಟೂ ಇಲ್ಲ! ಅಲ್ಲಿಂದ ಗೋಕಾಕ ಊರಿಗೆ ಗುಡ್ಡದ ಇಳಿಜಾರು, ಕೆಳಗೆ ನದಿ. ಪೆಡಲ್ ತುಳಿಯುವುದನ್ನು ಬಿಟ್ಟು, ಎರಡೂ ಬ್ರೇಕಿನ ಮೇಲೆ ಬೆರಳಿಟ್ಟು ಇಳಿದೆ. ಊರು ಮುಟ್ಟಿದ ಮೇಲೆ ಮೊದಲು ಮಾಡಿದ ಕೆಲಸ, ಅರ್ಧ ಕಿಲೋ ಕರದಂಟು ಕಟ್ಟಿಸಿದ್ದು.